ದೊಡ್ಡ ಡ್ರಮ್ಮಿನ ಹಿಂದಿನ ಮೈಕು

ಜೂನ್ 6

ಚಿರಂಜೀವಿ ಭಾಮೈದನಿಗೆ,

ಇಲ್ಲಿ ಎಲ್ಲರೂ ಆರೋಗ್ಯ. ಒಂದು ದಿಂಬು ಮಾತ್ರ ಕಾಣೆಯಾಗಿದೆ. ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಫೋನ್ ಬಿಟ್ಟು ಪತ್ರ ಯಾಕೆ ಎಂದು ಹುಬ್ಬೇರಿಸಬೇಡ. ನೀನು ಕೆಲಸಕ್ಕೆ ಹೋದ ಮೊದಲ ವಾರ ನಾವಿಬ್ಬರೂ ಫೋನಿನಲ್ಲಿ ನಡೆಸಿದ ಸಂಗೀತಗೋಷ್ಠಿ ಬೀದಿಯ ಕೊನೆಯ ಮನೆಗೂ ಕೇಳಿಸಿತಂತೆ. ನಿನ್ನ ಅಕ್ಕ ಆಜ್ಞೆ ಹೊರಡಿಸಿದ್ದಾಳೆ: ಡ್ರಮ್ಮಿನ ವಿಷಯ ಇನ್ನು ಮುಂದೆ ಕಾಗದದ ಮೇಲೆ ಮಾತ್ರ. "ಬರೀವಾಗ ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕಕ್ಕಾಗಲ್ಲ" ಅನ್ನುವುದು ಅವಳ ವಾದ. ಮೂರು ಹೊತ್ತು ಊಟ ಹಾಕುವವಳ ವಾದವನ್ನು ಅಲ್ಲಗಳೆಯುವಷ್ಟು ದೊಡ್ಡ ಪಂಡಿತ ನಾನಲ್ಲ.

ಇದರ ಜೊತೆ ಒಂದು ಕ್ಯಾಸೆಟ್ ಇಟ್ಟಿದ್ದೇನೆ. ಮಹಡಿ ರೂಮಿನಲ್ಲಿ ನೀನು ಬಾರಿಸಿ ಹೋದ ಡ್ರಮ್ಮಿನ ಮೂರೂ ಮೈಕುಗಳನ್ನು ಪ್ರಯೋಗಕ್ಕೆಂದು ಒಟ್ಟಿಗೆ ಸೇರಿಸಿ ಇಳಿಸಿದ್ದು. ನಮ್ಮ ಯಂತ್ರದ ಯೋಗ್ಯತೆ ನಿನಗೆ ಗೊತ್ತೇ ಇದೆ: ನಾಲ್ಕೇ ಟ್ರ್ಯಾಕು. ಮೂರರಲ್ಲಿ ನಿನ್ನ ಡ್ರಮ್ಮು ಕಾಲು ಚಾಚಿ ಮಲಗಿದೆ. ಆ ಮೂರನ್ನೂ ನಾಲ್ಕನೆಯದಕ್ಕೆ ಇಳಿಸಿ ಒಂದು ಮಾಡಿದರೆ, ಖಾಲಿಯಾದ ಮೂರರಲ್ಲಿ ನನ್ನ ಬೇಸ್ ಗಿಟಾರು, ಮೇಷ್ಟ್ರ ಗಿಟಾರು, ಕಂಪೌಂಡರ್ ಹಾಡು. ಆದರೆ ಒಂದು ಸಲ ಹಾಗೆ ಸೇರಿಸಿ, ಹಳೆಯದರ ಮೇಲೆ ಬೇರೆ ತುಂಬಿದೆವೋ, ಮುಗಿಯಿತು. ಗೋಳಾಡಿದರೂ ವಾಪಸ್ ಬರುವುದಿಲ್ಲ. ಆದ್ದರಿಂದ ನಿನ್ನ ಒಪ್ಪಿಗೆ ಕೇಳುತ್ತಿದ್ದೇನೆ. ರೇಡಿಯೋದವರಿಗೆ ಆಗಸ್ಟ್ ಮುಗಿಯುವುದರೊಳಗೆ ಹಾಡು ಮುಟ್ಟಬೇಕು. ನಾವು ನಾಲ್ವರು ಇಷ್ಟು ವರ್ಷ ಬಾರಿಸಿದ್ದಕ್ಕೆ ಉಳಿಯುವ ಸಾಕ್ಷಿ ಇದೊಂದೇ ಎಂಬುದನ್ನು ಮರೆಯಬೇಡ.

ಇನ್ನು ದಿಂಬು. ದೊಡ್ಡ ಡ್ರಮ್ಮು ಗುಂಯ್‌ಗುಡಬಾರದು ಎಂದು ಅದರ ಹೊಟ್ಟೆಯೊಳಗೆ ಅಂಗಡಿಯ ಬೂರುಗದ ಹತ್ತಿಯ ದಿಂಬು ಇಟ್ಟಿದ್ದೆ. ಗಿರಾಕಿಗಳಿಗೆ ಮುಟ್ಟಿಸಿ ತೋರಿಸುವ ದಿಂಬು ಅದು. ನೀನು ಹೋದ ಮೇಲೆ ನೋಡುತ್ತೇನೆ, ಡ್ರಮ್ಮಿನ ಹೊಟ್ಟೆ ಬರಿದು. ನಾನು ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ಬೆರಳು ತಾನಾಗಿ ನಿನ್ನ ಊರಿನ ದಿಕ್ಕಿಗೆ ತಿರುಗುತ್ತಿದೆ.

ಇತಿ,
ಹಾಸಿಗೆ ಅಂಗಡಿಯ ನಿನ್ನ ಭಾವ


ಜೂನ್ 15

ಭಾವನವರಿಗೆ,

ಕ್ಯಾಸೆಟ್ ಸಿಕ್ಕಿತು. ಕೇಳಿದೆ. ಪಕ್ಕದ ರೂಮಿನವನ ಟೇಪ್‌ರೆಕಾರ್ಡರಿನಲ್ಲೂ ಕೇಳಿದೆ, ನನ್ನದರ ಮೇಲೆ ಅನುಮಾನ ಬಂದು.

ನನ್ನ ದೊಡ್ಡ ಡ್ರಮ್ ಎಲ್ಲಿ?

ತಾಳಗಳು ಝಣಗುಟ್ಟುತ್ತಿವೆ. ಸಣ್ಣ ಡ್ರಮ್ಮು ಪಟಪಟ ಅನ್ನುತ್ತಿದೆ. ಆದರೆ ನಾನು ಬಲಗಾಲು ಬೀಳುವ ಹಾಗೆ ತುಳಿದ ದೊಡ್ಡ ಡ್ರಮ್ಮು, ಪಕ್ಕದ ಮನೆಯಲ್ಲಿ ಯಾರೋ ಕಂಬಳಿ ಹೊದ್ದು ಕೆಮ್ಮಿದ ಹಾಗಿದೆ. ಭಾವ, ನಾನು ಚಿಕ್ಕವನಲ್ಲ. ಬೇಸ್ ಬಾರಿಸುವವರಿಗೆ ದೊಡ್ಡ ಡ್ರಮ್ಮು ಕಂಡರೆ ಆಗುವುದಿಲ್ಲ ಎಂಬುದು ಲೋಕಕ್ಕೇ ಗೊತ್ತು. ಇಬ್ಬರೂ ತಗ್ಗುದನಿಯವರು, ಒಂದೇ ಕೆಳಮನೆಯ ಬಾಡಿಗೆದಾರರು. ಡ್ರಮ್ಮಿನ ಸದ್ದಿನ ಗುಂಡಿ ತಿರುಗಿಸಿ ಇಳಿಸಿದರೆ ನಿಮ್ಮ ಬೇಸಿಗೆ ಮನೆಯೆಲ್ಲ ಖಾಲಿ.

ಕೇಳಬೇಕಾದ ಇನ್ನೊಂದು ಮಾತಿದೆ. ಡ್ರಮ್ ಬಾರಿಸಿ ಮುಗಿಸಿದ ಮಾರನೆಯ ದಿನವೇ ನೀವು ಬಂದು, ಸೀಸೆ ಕಾರ್ಖಾನೆಯಲ್ಲಿ ಕೆಲಸ ಇದೆ, ಮುಂದಿನ ವಾರವೇ ಹೊರಡು ಎಂದಿರಿ. ಕಾರ್ಖಾನೆಯವರು ನಿಮ್ಮ ಅಂಗಡಿಯ ಹಾಸಿಗೆ ಗಿರಾಕಿಗಳು. ಡ್ರಮ್ಮು ಟೇಪಿಗೆ ಹೋಯಿತು, ಡ್ರಮ್ಮರು ಬಸ್ಸಿಗೆ ಹೋದ. ಇದು ಕಾಕತಾಳೀಯ ಎಂದು ನೀವು ಎದೆ ತಟ್ಟಿ ಹೇಳಬಲ್ಲಿರಾ? ಆ ವಕೀಲರ ಮಗ, ಕರೆಂಟಿನ ಡ್ರಮ್ ಇಟ್ಟುಕೊಂಡು ಎಲ್ಲ ಬ್ಯಾಂಡಿನ ಹೊಸ್ತಿಲಲ್ಲೂ ನಿಂತಿರುತ್ತಾನಲ್ಲ, ಅವನು ಈಗ ಎಲ್ಲಿದ್ದಾನೆ?

ಅಕ್ಕನಿಗೆ ಹೇಳಿ, ಊಟ ಸರಿಯಾಗಿ ಮಾಡುತ್ತಿದ್ದೇನೆ ಎಂದು. ದಿಂಬಿನ ವಿಷಯ ನನಗೇನೂ ಗೊತ್ತಿಲ್ಲ.

ಇತಿ,
ನಿಮ್ಮ ಭಾಮೈದ, (ಮಾಜಿ?) ಡ್ರಮ್ಮರ್


ಜೂನ್ 24

ಪ್ರಿಯ ಫಿರ್ಯಾದುದಾರನಿಗೆ,

ನಿನ್ನ ಪತ್ರವನ್ನು ನಿನ್ನ ಅಕ್ಕನ ಎದುರಿನಲ್ಲಿ ಗಟ್ಟಿಯಾಗಿ ಓದಿದೆ. ಕೆಳಮನೆಯ ಬಾಡಿಗೆದಾರ ಎಂಬಲ್ಲಿಗೆ ಬಂದಾಗ ಅವಳು ನಗು ತಡೆಯಲಾರದೆ ಒಳಗೆ ಹೋದಳು. ಕೆಲಸದ ವಿಷಯ ಬರುವ ಹೊತ್ತಿಗೆ ಅವಳು ಒಳಗೇ ಇದ್ದಳು.

ನಿನ್ನ ಆರೋಪಗಳಿಗೆ ಉತ್ತರ ಹೀಗಿದೆ.

ಗುಂಡಿ: ದೊಡ್ಡ ಡ್ರಮ್ಮಿನ ಮೈಕಿನ ಗುಂಡಿ ಇನ್ನೂ ತಿರುಗಿಸಿದರೆ ಕೈಗೆ ಕಿತ್ತು ಬರುತ್ತದೆ, ಅಷ್ಟು ಮೇಲಿದೆ. ಆ ಟ್ರ್ಯಾಕನ್ನು ಒಂದೇ ಕೇಳಿದರೆ ಕಿಟಕಿಯ ಗಾಜು ನಡುಗುತ್ತದೆ. ಮೂರನ್ನೂ ಸೇರಿಸಿದೆನೋ, ಆಸಾಮಿ ನಾಪತ್ತೆ. ನಾನು ನಾಲ್ಕು ಸಲ ಸೇರಿಸಿದೆ. ನಾಲ್ಕು ಸಲವೂ ತಲೆಮರೆಸಿಕೊಂಡ. ಇದರಲ್ಲಿ ಯಾರದೋ ಕೈವಾಡ ಇದೆ, ನನ್ನದಲ್ಲ ಅನ್ನುವುದಷ್ಟೇ ನನಗೆ ಗೊತ್ತು. ದಿಂಬನ್ನು ಡ್ರಮ್ಮಿನೊಳಗೆ ನೀನು ಇನ್ನೆಲ್ಲಿಗಾದರೂ ಸರಿಸಿದ್ದೆಯಾ?

ವಕೀಲರ ಮಗ: ಕಳೆದ ವಾರ ಮನೆಗೆ ಬಂದಿದ್ದ. ಹಾಸಿಗೆ ಕೊಳ್ಳಲು. ಅಂಗಡಿ ಮುಚ್ಚಿತ್ತು, ಮನೆಗೆ ಬಂದ. ಮಹಡಿಯ ಮೇಲಿನ ಹಾಸಿಗೆಗಳನ್ನು ತೋರಿಸಿದೆ. ಅವು ನಿನ್ನ ಡ್ರಮ್ಮಿನ ಸುತ್ತ ಗೋಡೆಗೆ ಒರಗಿಸಿದ್ದ ಹಾಸಿಗೆಗಳು ಎಂಬುದು ನಿಜ. ಅಲ್ಲಿ ಅವನು ಒಂದು ನಿಮಿಷ ನಿನ್ನ ಸ್ಟೂಲಿನ ಮೇಲೆ ಕೂತದ್ದೂ ನಿಜ. ಸ್ಟೂಲಿನ ಮೇಲೆ ಕೂತರೆ ಡ್ರಮ್ಮರ್ ಆಗುವುದಾದರೆ ನಮ್ಮ ಬೆಕ್ಕು ಇಷ್ಟು ಹೊತ್ತಿಗೆ ಹೆಸರು ಮಾಡಬೇಕಿತ್ತು.

ಮತ್ತೇನೋ ಕೇಳಿದ್ದೆ. ಹ್ಞಾಂ, ದಿಂಬು. ಗೊತ್ತಿಲ್ಲ ಎಂದು ಬರೆದಿದ್ದೀಯ. ಪತ್ರದ ಮಡಿಕೆಯಲ್ಲಿ ಬೂರುಗದ ಹತ್ತಿಯ ಎಳೆಯೊಂದು ಸಿಕ್ಕಿತು. ಜೋಪಾನವಾಗಿ ತೆಗೆದಿಟ್ಟಿದ್ದೇನೆ.

ಇತಿ,
ಭಾವ

(ಲೋ, ನಾನು ಅಕ್ಕ. ಅಲ್ಲಿ ಚಳಿ ಅಂತಾರೆ, ಕಿವಿಗೆ ಬಟ್ಟೆ ಸುತ್ಕೋ. ಕೆಲಸ ಒಗ್ಗಿತಾ? ಅದನ್ನ ಯಾಕೆ ಬರೀಲಿಲ್ಲ?)


ಜುಲೈ 5

ಭಾವನವರಿಗೆ,

ನಾನು ಮೂರು ವಿಷಯ ಕೇಳಿದೆ. ನೀವು ಎರಡಕ್ಕೆ ಉತ್ತರ ಕೊಟ್ಟು, ಮೂರನೆಯದರ ಜಾಗದಲ್ಲಿ ದಿಂಬು ತುಂಬಿದ್ದೀರಿ. ನಿಮ್ಮ ಕಸುಬೇ ಅದು, ತುಂಬುವುದು.

ಇಲ್ಲಿ ನನ್ನ ಕೆಲಸ ಏನು ಗೊತ್ತೇ? ಸೀಸೆಗಳು ಸಾಲಾಗಿ ಬರುತ್ತವೆ, ನಾನು ಒಂದು ಕಡ್ಡಿಯಿಂದ ಒಂದೊಂದನ್ನೇ ತಟ್ಟುತ್ತೇನೆ. ಒಳ್ಳೆಯ ಸೀಸೆ ಟಿಣ್ ಅನ್ನುತ್ತದೆ. ಎಲ್ಲೋ ಕಾಣದ ಹಾಗೆ ಬಿರುಕಿದ್ದರೆ ಟಕ್ ಅನ್ನುತ್ತದೆ. ಮೇಲ್ವಿಚಾರಕರು ಹೇಳುತ್ತಾರೆ, ನನ್ನಷ್ಟು ಚೆನ್ನಾಗಿ ಬಿರುಕು ಹಿಡಿಯುವವರು ಈ ಸಾಲಿಗೆ ಬಂದಿಲ್ಲವಂತೆ. ನಿಮ್ಮ ಪತ್ರವನ್ನೂ ತಟ್ಟಿ ನೋಡಿದೆ. ಟಕ್ ಅಂದಿತು.

ವಕೀಲರ ಮಗ ಯಾವ ಅಳತೆಯ ಹಾಸಿಗೆ ತಗೊಂಡ? ಬಿಲ್ ನಂಬರ್ ಏನು?

ಮೂರನ್ನೂ ಸೇರಿಸಬೇಡಿ. ಮೂರೂ ಮೈಕಿನದನ್ನು ಬೇರೆ ಬೇರೆ ಮೂರು ಕ್ಯಾಸೆಟ್ಟಿಗೆ ಇಳಿಸಿ ಕಳಿಸಿ. ನಾನೇ ಕೇಳಿ, ಗುಂಡಿ ಎಲ್ಲಿರಬೇಕು ಎಂದು ಬರೆಯುತ್ತೇನೆ. ಅಲ್ಲಿಯವರೆಗೆ ಯಂತ್ರದ ಮೇಲೆ ಕೈಯಿಟ್ಟರೆ ನಾನು ಸುಮ್ಮನಿರುವುದಿಲ್ಲ.

ಅಕ್ಕ, ಕೆಲಸ ಪರವಾಗಿಲ್ಲ. ಕಿವಿಗೆ ಬಟ್ಟೆ ಸುತ್ತಿದರೆ ಬಿರುಕು ಕೇಳಿಸುವುದಿಲ್ಲ, ಕೆಲಸ ಹೋಗುತ್ತದೆ.

ಇತಿ,
ಡ್ರಮ್ಮರ್ (ಸದ್ಯಕ್ಕೆ)


ಜುಲೈ 20

ಭಾಮೈದ,

ಸಿಕ್ಕಿಬಿದ್ದೆ.

ನಿನ್ನ ಅಪ್ಪಣೆಯಂತೆ ಮೂರೂ ಟ್ರ್ಯಾಕುಗಳನ್ನು ಬೇರೆ ಬೇರೆ ಕೇಳಲು ಕೂತೆ. ಒಂದನೆಯದು ದೊಡ್ಡ ಡ್ರಮ್ಮಿನ ಮುಂದೆ ನಾನು ನಿಲ್ಲಿಸಿದ ಮೈಕು. ಸರಿ. ಎರಡನೆಯದು ಫ್ಯಾನಿನಿಂದಾಚೆಯ ಕೊಕ್ಕೆಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಇಳಿಬಿಟ್ಟದ್ದು, ತಾಳಗಳಿಗೆ. ಅದೂ ಸರಿ. ಮೂರನೆಯದು ಸಣ್ಣ ಡ್ರಮ್ಮಿನ ಪಕ್ಕ ನಾನೇ ಕೈಯಾರೆ ನಿಲ್ಲಿಸಿದ್ದು. ಅದನ್ನು ಕೇಳುತ್ತೇನೆ: ದೊಡ್ಡ ಡ್ರಮ್ಮು! ಅದರ ಜೊತೆಗೆ ಕಿರ್, ಕಿರ್, ಕಿರ್. ನಿನ್ನ ಪೆಡಲಿನ ಕಿರುಗುಟ್ಟು. ಎಣ್ಣೆ ಹಾಕು ಎಂದು ಬಾಯಿ ನೋಯುವಷ್ಟು ಹೇಳಿದ್ದೆನಲ್ಲ, ಅದೇ. ಸಣ್ಣ ಡ್ರಮ್ಮಿನ ಮೈಕಿಗೆ ನಿನ್ನ ಕಾಲಡಿಯ ಕಿರುಗುಟ್ಟು ಹೇಗೆ ಕೇಳಿಸಿತು ಸ್ವಾಮೀ?

ನಾನು ಕೆಳಗೆ ಯಂತ್ರದ ಮುಂದೆ ಕೂತಿದ್ದಾಗ, ನೀನು ಮೇಲೆ ಆ ಮೈಕನ್ನು ಕಿತ್ತು ದೊಡ್ಡ ಡ್ರಮ್ಮಿನ ಹಿಂದೆ, ನಿನ್ನ ಪಾದದ ಹತ್ತಿರ ಕಟ್ಟಿದ್ದೀಯ. ಯಾಕೆಂದು ನಾನು ಕೇಳುವುದಿಲ್ಲ. ಕೇಳುತ್ತೇನೆ: ಯಾಕೆ?

ಮೇಷ್ಟ್ರನ್ನು ಕರೆಸಿದೆ. ನಮ್ಮ ಗಿಟಾರ್ ಮೇಷ್ಟ್ರು ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು, ಅವರಿಗೆ ತಟ್ಟನೆ ಹೊಳೆಯಿತು. "ಬಾಗಿಲಿನ ಈ ಕಡೆಯಿಂದ ನೀವು ತಳ್ತೀರಿ, ಆ ಕಡೆಯಿಂದ ಅವನು ತಳ್ತಾನೆ. ಇಬ್ಬರೂ ಮೈಮೇಲಿನ ಶಕ್ತಿಯೆಲ್ಲ ಹಾಕ್ತೀರಿ. ಬಾಗಿಲು ಅಲ್ಲಾಡಲ್ಲ" ಎಂದರು. ಡ್ರಮ್ಮಿನ ಚರ್ಮ ಮುಂದಿನ ಮೈಕಿನ ಕಡೆಗೆ ಉಬ್ಬಿದಾಗ ಹಿಂದಿನ ಮೈಕಿನಿಂದ ದೂರ ಸರಿಯುತ್ತದೆ. ಒಂದು ಮೈಕು ಹೌದು ಅಂದಾಗ ಇನ್ನೊಂದು ಇಲ್ಲ ಅನ್ನುತ್ತದೆ. ಬೇರೆ ಬೇರೆ ಕೇಳಿದರೆ ಇಬ್ಬರೂ ಸಿಂಹ. ಒಟ್ಟಿಗೆ ಕೂಡಿಸಿದರೆ ಸೊನ್ನೆ. ಬಾರಿಸುವ ಮೊದಲೇ ಒಂದು ಮೈಕಿನ ತಂತಿ ಅದಲುಬದಲು ಮಾಡಿದ್ದರೆ ಸರಿಹೋಗುತ್ತಿತ್ತಂತೆ. ಟೇಪಿಗೆ ಇಳಿದ ಮೇಲೆ ನಮ್ಮ ಈ ಬಡ ಯಂತ್ರದಲ್ಲಿ ಅದಕ್ಕೆ ಮದ್ದಿಲ್ಲ.

ಆದ್ದರಿಂದ ಒಂದೇ ದಾರಿ. ಎರಡರಲ್ಲಿ ಒಂದನ್ನು ಅಳಿಸಬೇಕು. ನನ್ನ ಮೈಕೋ, ನಿನ್ನ ಮೈಕೋ.

ಮೂರು ಕ್ಯಾಸೆಟ್ಟು ಇಳಿಸಲು ಹೊತ್ತು ಬೇಕು, ಮುಂದಿನ ಸಲ ಕಳಿಸುತ್ತೇನೆ. ಟೇಪಿನ ಮೊದಲ ಭಾಗ ಬರೀ ಕಸ. ಪೆಡಲಿನ ಸ್ಪ್ರಿಂಗ್ ಮುರಿದು ನೀನು ಸೈಕಲ್ ರಿಪೇರಿಯವನ ಹತ್ತಿರ ಓಡಿದೆಯಲ್ಲ, ಆವಾಗ ಯಂತ್ರ ನಿಲ್ಲಿಸುವುದನ್ನು ನಾನು ಮರೆತಿದ್ದೆ. ನಾನಂತೂ ಅದನ್ನು ಕೇಳಿಲ್ಲ, ಮುಂದಕ್ಕೆ ಓಡಿಸಿಬಿಡುತ್ತೇನೆ. ಆದರೆ ನೀನು ಅನುಮಾನದ ಪ್ರಾಣಿ. ಒಂದಿಂಚು ಕತ್ತರಿಸಿದರೂ ಹುಯಿಲೆಬ್ಬಿಸುತ್ತೀಯ. ಮೊದಲಿನಿಂದ ಕೊನೆಯವರೆಗೆ ಹಾಗ್ಹಾಗೇ ಇಳಿಸುತ್ತೇನೆ.

ಇತಿ,
ಮುಂದಿನ ಮೈಕಿನ ಭಾವ


ಜುಲೈ 30

ಭಾವನವರಿಗೆ,

ಹೌದು, ನಾನೇ ಕಟ್ಟಿದ್ದು. ಮೂರು ಮೈಕೂ ನೀವು ನಿಲ್ಲಿಸಿದ್ದು, ಯಂತ್ರ ನಿಮ್ಮ ಕೈಯಲ್ಲಿ, ಗುಂಡಿ ನಿಮ್ಮ ಕೈಯಲ್ಲಿ. ಒಂದು ಮೈಕಾದರೂ ನನ್ನ ಕಡೆ ಇರಲಿ ಎಂದು ಕಟ್ಟಿದೆ. ತಪ್ಪೇ?

ಹಾಗಾಗಿ ನಿಮ್ಮದನ್ನು ಅಳಿಸಿ. ನನ್ನದು ಇರಲಿ. ಕಿರ್ ಅಂದರೆ ಅನ್ನಲಿ, ಅದು ನನ್ನ ಕಾಲು.

ಮೇಷ್ಟ್ರು ನನಗೂ ಒಂದು ಕಾರ್ಡ್ ಹಾಕಿದ್ದಾರೆ. ವಕೀಲರ ಮಗ ಮತ್ತೆ ಮನೆಗೆ ಬಂದಿದ್ದನಂತೆ. ಈ ಸಲ ಎರಡನೇ ಹಾಸಿಗೆಯೋ?

ಸುತ್ತಿ ಬಳಸಿ ಕೇಳಿ ಸಾಕಾಗಿದೆ. ನೇರ ಕೇಳುತ್ತಿದ್ದೇನೆ, ನೇರ ಹೇಳಿ. ಕಾರ್ಖಾನೆಯವರಿಗೆ ಹೇಳಿ ನನ್ನನ್ನು ಇಲ್ಲಿಗೆ ಸಾಗಹಾಕಿದ್ದು ನೀವೋ ಅಲ್ಲವೋ? ಇಷ್ಟು ವರ್ಷ ಆ ಮಹಡಿ ನನ್ನದು ಎಂದುಕೊಂಡಿದ್ದೆ. ಅಮ್ಮ ಹೋದ ಮೇಲೆ ನನಗೆ ಇದ್ದದ್ದೇ ಆ ಮಹಡಿ, ಅಕ್ಕ, ನಿಮ್ಮ ಬೇಸು. ಅಲ್ಲಿ ನನಗೆ ಇನ್ನೂ ಜಾಗ ಇದೆಯೋ ಇಲ್ಲವೋ, ಅದು ಗೊತ್ತಾಗಬೇಕು. ರೇಡಿಯೋ ಆಮೇಲೆ.

ಭಾಮೈದ


ಆಗಸ್ಟ್ 8
(ಕ್ಯಾಸೆಟ್ಟಿನ ಪಾರ್ಸೆಲಿನೊಳಗಿನ ಚೀಟಿ)

ಮೂರು ಕ್ಯಾಸೆಟ್ ಇವೆ. ಒಂದು: ನನ್ನ ಮೈಕು. ಎರಡು: ಮೇಲಿನದು. ಅದರ ಮೊದಲ ಭಾಗದಲ್ಲಿ ಯಾರೋ ಫ್ಯಾನ್ ಹಾಕಿದ್ದಾರೆ, ಬರೀ ಭರ್ರೋ. ಮೂರು: ನಿನ್ನ ಪಾದಸೇವೆ. ಇಳಿಸುವಾಗ ಹೆಡ್‌ಫೋನ್ ಹಾಕಿಕೊಂಡು ಕಾಯುವ ಸಹನೆ ನನಗಿಲ್ಲ, ಯಂತ್ರ ಓಡಲು ಬಿಟ್ಟು ಅಂಗಡಿಗೆ ಹೋಗಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ: ಹೌದು. ನಾನೇ.

ಭಾವ


ಆಗಸ್ಟ್ 19

ಭಾವ,

ಇದನ್ನು ಅಂಚೆಗೆ ಹಾಕುವುದಿಲ್ಲ. ಹಾಕದ ಪತ್ರದಲ್ಲಿ "ಅವರಿಗೆ" ಗಿವರಿಗೆ ಎಲ್ಲ ಯಾಕೆ.

ನಿಮ್ಮ ಚೀಟಿ ಓದಿ ನಾಲ್ಕು ದಿನ ಕ್ಯಾಸೆಟ್ ಮುಟ್ಟಲಿಲ್ಲ ಎಂದು ಬರೆದರೆ ಗತ್ತಾಗಿರುತ್ತಿತ್ತು. ನಿಜ ಏನೆಂದರೆ, ಅದು ಕೈಗೆ ಬಂದ ದಿನವೇ ಕೇಳಿದೆ. ನನ್ನ ಮೈಕನ್ನೇ ಮೊದಲು ಹಾಕಿದೆ. ಸ್ಪ್ರಿಂಗ್ ಟಂಗ್ ಎಂದು ಮುರಿಯಿತು. ನಾನು ಬಯ್ದದ್ದು ಕೇಳಿಸಿತು. ನಾನು ಮೆಟ್ಟಿಲಿಳಿದು ಓಡಿದ್ದು ಕೇಳಿಸಿತು. ಇನ್ನು ಸೈಕಲ್ ಅಂಗಡಿಯಿಂದ ವಾಪಸ್ ಬರುವವರೆಗೆ ಏನೂ ಇರುವುದಿಲ್ಲ ಎಂದು ಓಡಿಸಲು ಕೈ ಹಾಕಿದೆ. ಆಗ ಮತ್ತೆ ಮೆಟ್ಟಿಲಿನ ಸದ್ದು ಬಂತು, ಇಬ್ಬರದು. ಫ್ಯಾನಿನ ಸ್ವಿಚ್ಚು ಚಟ್ ಅಂದಿತು. ಮೇಲಿನ ಮೈಕಿಗೆ ಆ ಫ್ಯಾನು ಬಿಟ್ಟರೆ ಬೇರೇನೂ ಕೇಳಿಸಿಲ್ಲ. ನಿಮ್ಮದು ಹಾಸಿಗೆಗಳ ನಡುವೆ ಹೂತುಹೋಗಿತ್ತು. ನನ್ನದು ಮಾತ್ರ ಬಾಗಿಲ ಕಡೆ ಮುಖ ಮಾಡಿ, ಸ್ಟೂಲಿನ ಕಾಲಿಗೆ ಕಟ್ಟಿಸಿಕೊಂಡು ಕೂತಿತ್ತು.

"ಉಸ್ಸಪ್ಪಾ, ರೂಮು ಬೆಂದುಹೋಗಿದೆ. ಹೇಗೆ ಬಾರಿಸ್ತಾನೋ" ಎಂದಳು ಅಕ್ಕ. ಆಮೇಲೆ, "ಸೀಸೆ ಕಾರ್ಖಾನೆಯವರಿಗೆ ನಾನು ಹೇಳಿಬಿಟ್ಟೆ. ಮುಂದಿನ ವಾರ ಕಳಿಸ್ತೀನಿ ಅಂತ."

"ಯಾರನ್ನ?"

"ಯಾರನ್ನ ಅಂದ್ರೆ? ದಿಂಬನ್ನ! ನನ್ನ ತಮ್ಮನ್ನ."

ನೀವು ಸ್ಟೂಲಿನ ಮೇಲೆ ಕೂತಿರಿ. ಅದು ಕಿರುಗುಟ್ಟಿತು.

"ಬೇಡ ಕಣೆ."

"ನಿಮ್ಮ ಬ್ಯಾಂಡಿಗೋಸ್ಕರ ಬೇಡ ಅಂತೀರ."

"ಹೌದು, ಬ್ಯಾಂಡಿಗೋಸ್ಕರಾನೇ. ನಿನ್ನ ಹತ್ರ ಯಾಕೆ ಸುಳ್ಳು ಹೇಳ್ಲಿ?"

"ಆ ವಕೀಲರ ಮಗ ಇದ್ದಾನಲ್ಲ. ಕರೀರಿ ಅವನನ್ನ."

"ಅವನು ಒಂದ್ಸಲಾನೂ ತಪ್ಪಲ್ಲ. ಅವನ ಜೊತೆ ನನಗೇನು ಕೆಲಸ? ಇವನು ಎಲ್ಲಿ ತಪ್ತಾನೆ ಅಂತ ನಂಗೊತ್ತು. ಅಲ್ಲಿ ಹೋಗಿ ಕಾಯ್ತಾ ನಿಂತಿರ್ತೀನಿ."

"ಅದೇ ನಾನೂ ಹೇಳೋದು. ನೀವು ಕಾಯ್ತಾ ನಿಂತಿರ್ತೀರಿ ಅಂತಾನೇ ಅವನು ಎಲ್ಲಿಗೂ ಹೋಗ್ತಿಲ್ಲ. ವಯಸ್ಸು ಎಷ್ಟಾಯ್ತು? ನಾಳೆ ನಾವಿಬ್ಬರೂ ಇಲ್ಲ ಅಂದ್ರೆ? ಈ ಹಾಸಿಗೆ ಮಧ್ಯೆ ಕೂತು ಯಾರಿಗೆ ಬಾರಿಸ್ತಾನೆ?"

ನೀವು ಸ್ಪ್ರಿಂಗಿಲ್ಲದ ಪೆಡಲನ್ನು ಒಂದು ಸಲ ಒತ್ತಿದಿರಿ. ಡುಬ್ ಅಂದಿತು. "ಸರಿ, ನೀನೇ ಹೇಳು ಅವನಿಗೆ" ಎಂದಿರಿ.

"ನಾನಾ? ಅಕ್ಕಾನೇ ಹೊರಗೆ ಹಾಕಿದಳು ಅಂದ್ಕೊಂಡ್ರೆ ಇನ್ನು ಜನ್ಮದಲ್ಲಿ ನನ್ನ ಮುಖ ನೋಡಲ್ಲ ರೀ ಅವನು. ನೀವು ಹೇಳಿ. ನಿಮ್ಮ ಮೇಲೆ ಹೇಗೂ ಅನುಮಾನ ಇದ್ದೇ ಇದೆ, ಅದರ ಜೊತೆ ಇದೂ ಒಂದಿರಲಿ."

ನೀವು ನಕ್ಕಿರಿ. "ಹಳೇ ಹತ್ತಿ ಜೊತೆ ಹೊಸದನ್ನ ತುರುಕೋ ಹಾಗೆ. ಸರಿ, ನನ್ನ ಹೆಸರಲ್ಲೇ ಇರಲಿ. ಅಳಬೇಡ. ಅವನು ಬಂದ್ಬಿಡ್ತಾನೆ."

ಆಮೇಲೆ ನಾನು ಬಂದೆ. "ಯಾಕೆ ಭಾವ, ನನ್ನ ಸ್ಟೂಲಿಗೆ ಏನು ಮಾಡ್ತಿದ್ದೀರಿ?" ಎಂದು ಕೇಳಿದ್ದೇನೆ. ಅದೂ ಟೇಪಿನಲ್ಲಿದೆ. ಅದೇ ಅನುಮಾನದ ದನಿಯಲ್ಲಿ. ಅದನ್ನು ಮಾತ್ರ ಇನ್ನೊಂದು ಸಲ ಕೇಳಲಾಗಲಿಲ್ಲ.

ನಿಮ್ಮನ್ನು ಹಿಡಿಯಲೆಂದು ಕಟ್ಟಿದ ಮೈಕು. ಹಿಡಿದುಕೊಟ್ಟಿತು.


ಆಗಸ್ಟ್ 20

ಭಾವನವರಿಗೆ,

ಕ್ಯಾಸೆಟ್ಟುಗಳು ತಲುಪಿದವು. ಕೇಳಿದೆ. ನಿಮ್ಮ ಮುಂದಿನ ಮೈಕೇ ಚೆನ್ನಾಗಿದೆ. ಅದನ್ನು ಇಟ್ಟುಕೊಳ್ಳಿ. ನನ್ನದನ್ನು ಅಳಿಸಿ.

ಹಾಡಿನ ಭಾಗ ಮಾತ್ರವಲ್ಲ, ಮೂರನೇ ಟ್ರ್ಯಾಕನ್ನು ಮೊದಲಿನಿಂದ ಕೊನೆಯವರೆಗೂ ಪೂರ್ತಿ ಅಳಿಸಿ. ನೀವೊಬ್ಬರೇ ಅಳಿಸಿ. ಅಕ್ಕನ ಕೈಗೆ ಆ ಹೆಡ್‌ಫೋನ್ ಕೊಡಬೇಡಿ, ಕಿರುಗುಟ್ಟಿಗೆ ಅವಳ ಕಿವಿ ನೋಯುತ್ತದೆ. ನನಗೆ ಕಳಿಸಿದ ಮೂರನೇ ಕ್ಯಾಸೆಟ್ಟಿನ ಮೇಲೆ ಇಲ್ಲಿನ ಸೀಸೆಗಳ ಸದ್ದು ತುಂಬಿದ್ದೇನೆ. ಎಲ್ಲವೂ ಟಿಣ್.

ಕೆಲಸದ ವಿಷಯ ನೇರವಾಗಿ ಹೇಳಿದ್ದಕ್ಕೆ ಸಂತೋಷ. ನೀವೇ ಎಂದು ನನಗೆ ಮೊದಲೇ ಗೊತ್ತಿತ್ತು. ಕೆಲಸ ಒಗ್ಗಿದೆ. ಈ ಮಾತು ಅಕ್ಕನಿಗೂ ಕೇಳಿಸುವ ಹಾಗೆ ಓದಿ.

ದಿಂಬು ನನ್ನ ಹತ್ತಿರ ಇದೆ. ದಿನಾ ಅದರ ಮೇಲೇ ಮಲಗುತ್ತೇನೆ. ಪೆಡಲಿನ ಗುಂಡು ಬಡಿದೂ ಬಡಿದೂ ನಡುವೆ ಒಂದು ಗುಳಿ ಬಿದ್ದಿದೆ, ತಲೆ ಸರಿಯಾಗಿ ಕೂರುತ್ತದೆ.

ಇತಿ,
ನಿಮ್ಮ ಡ್ರಮ್ಮರ್


ಆಗಸ್ಟ್ 29

ಭಾಮೈದ,

ನಿನ್ನ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ಮೂರು ಸಲ ಓದಿದೆ. ಎರಡು ತಿಂಗಳು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದವನು ಇದ್ದಕ್ಕಿದ್ದಂತೆ ಮೈಕು ಬಿಟ್ಟುಕೊಡುತ್ತಾನೆ, ಕೆಲಸ ಒಗ್ಗಿದೆ ಅನ್ನುತ್ತಾನೆ, ದಿಂಬು ಒಪ್ಪಿಕೊಳ್ಳುತ್ತಾನೆ! ಇಂಥ ಸದ್ಗುಣವನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ಬಹಳ ಗಂಭೀರವಾದ ಒಳಸಂಚು ನಡೆದಿದೆ ಎಂಬುದು ಖಾತ್ರಿಯಾಯಿತು.

ಅದರಲ್ಲೂ "ಮೊದಲಿನಿಂದ ಕೊನೆಯವರೆಗೂ." ಯಾಕಯ್ಯಾ? ಹಾಡಿರುವುದು ಕೊನೆಯಲ್ಲಿ. ಮೊದಲ ಭಾಗದಲ್ಲಿರುವುದು ಕಸ. ಕಸವನ್ನು ಇಷ್ಟು ಮುತುವರ್ಜಿಯಿಂದ ಯಾರೂ ಗುಡಿಸಲು ಹೇಳುವುದಿಲ್ಲ. ನೀನು ನನ್ನನ್ನು ಬಯ್ದದ್ದು ಏನೋ ಇರಬೇಕು ಅಂದುಕೊಂಡೆ. ಅಳಿಸುವ ಮೊದಲು, ನಿನ್ನ ಅಕ್ಕ ಪೇಟೆಗೆ ಹೋದ ಹೊತ್ತು ನೋಡಿ, ಹೆಡ್‌ಫೋನ್ ಹಾಕಿಕೊಂಡು ಕೂತೆ. ಸ್ಪ್ರಿಂಗ್ ಮುರಿಯಿತು. ನೀನು ಬಯ್ದೆ, ಆದರೆ ಸ್ಪ್ರಿಂಗನ್ನು. ಮೆಟ್ಟಿಲಿಳಿದೆ.

ಆಮೇಲೆ ಫ್ಯಾನಿನ ಸ್ವಿಚ್ಚು.

ಅಳಿಸಿದ್ದೇನೆ. ಮೊದಲಿನಿಂದ ಕೊನೆಯವರೆಗೂ.

ಹಾಡು ಸೇರಿಸಿ, ಮೇಷ್ಟ್ರು, ಕಂಪೌಂಡರ್ ಇಬ್ಬರೂ ತಮ್ಮ ತಮ್ಮದನ್ನು ತುಂಬಿ, ರೇಡಿಯೋದವರಿಗೆ ನಿನ್ನೆ ಕಳಿಸಿದೆ. ಒಂದು ಪ್ರತಿ ನಿನಗೆ. ದೊಡ್ಡ ಡ್ರಮ್ಮು ಬಂದು ನೆಟ್ಟಗೆ ಕೂತಿದೆ. ನನ್ನ ಬೇಸಿಗಿಂತ ಒಂದು ಕೂದಲೆಳೆ ಮೇಲೇ ಇದೆ; ಬೇಕಾದರೆ ಪಕ್ಕದ ರೂಮಿನವನ ಟೇಪ್‌ರೆಕಾರ್ಡರಿನಲ್ಲೂ ಪರೀಕ್ಷಿಸು. ಎರಡನೇ ಚರಣ ಮುಗಿಯುವಲ್ಲಿ ನೀನು ಯಾವತ್ತೂ ಓಡುವ ಹಾಗೆ ಈ ಸಲವೂ ಓಡಿದ್ದೀಯ. ಅಲ್ಲಿ ಬೇಸು ಏನು ಮಾಡುತ್ತಿದೆ ಎಂದು ಕೇಳಿ ನೋಡು.

ವಕೀಲರ ಮಗನ ಬಿಲ್ ನಂಬರ್ ಕೇಳಿದ್ದೆ. ಎರಡು ಸಲ ಬಂದದ್ದು ನಿಜ. ಎರಡನೆಯ ಸಲ ಬಂದದ್ದು, ಕೊಂಡ ಹಾಸಿಗೆ ಮೆತ್ತಗಾಯಿತು ಎಂದು ವಾಪಸ್ ಕೊಡಲು. ಅವನ ಡ್ರಮ್ಮಿನ ಹಾಗೇ ಅವನ ಬೆನ್ನೂ, ಒಂದು ಕೂದಲೂ ಅತ್ತಿತ್ತ ಆಗಬಾರದು.

ಸ್ಟೂಲು ಒರೆಸಿಟ್ಟಿದ್ದೇನೆ. ಬೆಕ್ಕಿಗೂ ಹೇಳಿದ್ದೇನೆ.

ಇತಿ,
ಭಾವ


ಸೆಪ್ಟೆಂಬರ್ 10

ಲೋ ತಮ್ಮಾ,

ಈ ಸಲ ಚೂರುಪಾರು ಜಾಗದಲ್ಲಿ ಅಲ್ಲ, ಪೂರ್ತಿ ಕಾಗದ ನಾನೇ ಬರೀತಿದ್ದೀನಿ. ನಿಮ್ಮ ಭಾವ ಅಂಗಡಿಗೆ ಹೋಗಿದ್ದಾರೆ.

ನಿಮ್ಮ ಹಾಡು ರೇಡಿಯೋದಲ್ಲಿ ಬಂತು. ನಾನು ಅಡುಗೆಮನೆಯಲ್ಲಿ ಕೇಳಿದೆ. ನಿನ್ನ ದೊಡ್ಡ ಡ್ರಮ್ ಬಂದಾಗ ಗೂಡಿನ ಮೇಲಿನ ಲೋಟ ಅದುರಿತು. ನಿಮ್ಮ ಭಾವ ಹಾಡು ಮುಗಿದ ಮೇಲೆ ಸೌಟು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋದರು.

ಈಗ ವಿಷಯಕ್ಕೆ ಬರ್ತೀನಿ. ನೀವಿಬ್ಬರೂ ಜಗಳ ಆಡ್ತಿದ್ದಷ್ಟು ದಿನ ನಾನು ನೆಮ್ಮದಿಯಾಗಿದ್ದೆ. ಎಲ್ಲ ಇದ್ದ ಹಾಗೇ ಇದೆ ಅಂತ ಗೊತ್ತಾಗ್ತಿತ್ತು. ಈಗ ಏನಾಗಿದೆ? ನಿನ್ನ ಪತ್ರ ಬಂದರೆ ಮೊದಲೆಲ್ಲ ನಾಟಕದವರ ಹಾಗೆ ಗಟ್ಟಿಯಾಗಿ ಓದೋರು, ಈ ಸಲ ಒಂದೇ ಸಾಲು ಓದಿದರು, ಕೆಲಸ ಒಗ್ಗಿದೆ ಅಂತ. ಅದನ್ನೇ ಎರಡು ಸಲ ಓದಿದರು. ಉಳಿದದ್ದೆಲ್ಲಿ ಅಂದ್ರೆ, "ಬರೀ ಕಿರುಗುಟ್ಟು, ನಿನಗೆ ಕಿವಿ ನೋಯುತ್ತೆ" ಅಂದರು. ಮೊನ್ನೆ ನೋಡ್ತೀನಿ, ನಿನಗೆ ಅಂತ ಇನ್ನೊಂದು ದಿಂಬು ಹೊಲೀತಿದ್ದಾರೆ. ಯಾಕೆ ಅಂದ್ರೆ "ಜೋಡಿ ಇರಲಿ" ಅಂತಾರೆ. ಈ ಮನುಷ್ಯ ಮದುವೆಗೆ ಬಂದೋರಿಗೂ ಹತ್ತಿಯ ಒಂದು ಎಳೆ ಸುಮ್ಮನೆ ಕೊಟ್ಟವರಲ್ಲ.

ಇಬ್ಬರೂ ಸೇರಿ ನನ್ನಿಂದ ಏನೋ ಮುಚ್ಚಿಡ್ತಿದ್ದೀರಿ. ಅವರು ನಿನಗೆ ಏನಾದರೂ ಹೇಳಿದ್ರಾ? ನನ್ನ ವಿಷಯ?

ರಜೆಗೆ ಬಂದಾಗ ನೇರ ಕೇಳ್ತೀನಿ. ಮುಖ ನೋಡಿದ್ರೆ ನನಗೆ ಗೊತ್ತಾಗುತ್ತೆ. ಮುಖ ತೋರಿಸ್ತೀಯ ತಾನೆ?

ನಿನ್ನ ಅಕ್ಕ


ಸೆಪ್ಟೆಂಬರ್ 16
(ಕಾರ್ಡ್)

ಅಕ್ಕಾ,

ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ. ಮುಖವನ್ನೂ ತರುತ್ತಿದ್ದೇನೆ, ದಿಂಬನ್ನೂ ತರುತ್ತಿದ್ದೇನೆ. ಪೆಡಲಿಗೆ ಎಣ್ಣೆಯನ್ನೂ.

ಮೇಲಿನ ರೂಮು ಬೆಂದುಹೋಗಿರುತ್ತೆ. ನೀನೇ ಫ್ಯಾನ್ ಹಾಕಿಟ್ಟಿರು. ಮೂವರೂ ಅಲ್ಲೇ ಕೂತು ಮಾತಾಡೋಣ.

ನಿನ್ನ ತಮ್ಮ